ದಾಟದೆ ನಿಂತ ಓದು

ಪುರಾಣ ಓದುವವರಲ್ಲಿ ಒಂದು ನಿಯಮವಿದೆ. ದಿನದ ಓದನ್ನು ಸಾವಿನಲ್ಲಿ, ಶೋಕದಲ್ಲಿ, ಅಗಲಿಕೆಯಲ್ಲಿ ನಿಲ್ಲಿಸಕೂಡದು. ಹೊತ್ತು ಮೀರಿದ್ದರೂ, ಕೇಳುವ ತಾಯಂದಿರ ತೊಡೆಯ ಮೇಲೆ ಮಕ್ಕಳು ನಿದ್ದೆಹೋಗಿದ್ದರೂ, ಓದುವವನು ಮುಂದಿನ ಪದ್ಯಗಳನ್ನು ಬೇಗಬೇಗನೆ ಹೇಳಿಯಾದರೂ ಒಂದು ಹುಟ್ಟಿಗೋ ಮದುವೆಗೋ ವರಕ್ಕೋ ಬಂದು ಮುಟ್ಟಬೇಕು. ಅಲ್ಲಿ ನವಿಲುಗರಿಯನ್ನಿಟ್ಟು ಗ್ರಂಥವನ್ನು ಮುಚ್ಚಬೇಕು. ಇದನ್ನು ನಾವು ‘ಶುಭಕ್ಕೆ ದಾಟುವುದು’ ಎನ್ನುತ್ತೇವೆ. ಕೇಳಿದವರು ದುಃಖವನ್ನು ಕಟ್ಟಿಕೊಂಡು ಮನೆಗೆ ಹೋಗಬಾರದೆಂಬುದೇ ಅದರ ಆಶಯವೆಂದು ನನ್ನ ಗುರುಗಳು ಹೇಳಿದ್ದರು. ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಮಠಗಳಲ್ಲಿ, ಗುಡಿಗಳಲ್ಲಿ ಶ್ರಾವಣಮಾಸವಿಡೀ ಓದುತ್ತ ನಾನು ಮುದುಕನಾದೆ. ಒಂದೇ ಒಂದು ಸಲ ದಾಟದೆ ನಿಂತೆ. ನನ್ನ ತಂಗಿಯ ಮಗ ಕೇಳಿಕೊಂಡನೆಂದು ನಿಂತೆ. ಅವನ ಸಂಗೀತದ ಕಥೆಯನ್ನು ಬರೆಯಲು ಕುಳಿತಾಗ ಈ ನಿಯಮವೇ ಮೊದಲು ನೆನಪಾಗುತ್ತದೆ.

ಅವನು ಅಫಜಲಪುರದಲ್ಲಿ ಮೈಕ್‌ಸೆಟ್ ಇಟ್ಟುಕೊಂಡಿದ್ದ. ಮದುವೆ, ಜವಳ, ಉರುಸು, ಪುರಾಣ, ಚುನಾವಣೆಯ ಸಭೆ, ಎಲ್ಲದಕ್ಕೂ ಅವನದೇ ಹಾರ್ನು, ಅವನದೇ ಪೆಟ್ಟಿಗೆಗಳು. ಜನರ ಬಾಯಲ್ಲಿ ಅವನ ಹೆಸರು ‘ಮೈಕಿನವ’ ಎಂದೇ ಆಗಿತ್ತು. ಆ ಅಂಗಡಿಯ ಹಿಂದೆ ಒಂದು ಕೋಣೆಯಿತ್ತು. ಅದರ ಗೋಡೆಗಳಿಗೆಲ್ಲ ತೊಗರಿಯ ಖಾಲಿ ಗೋಣಿಚೀಲಗಳನ್ನು ಪದರುಪದರಾಗಿ ಬಡಿದು, ಹಳೆಯ ಗಿಟಾರೊಂದನ್ನೂ ಬ್ಯಾಂಡ್ ಕಂಪನಿಯವರು ಮಾರಿದ ಕೀಬೋರ್ಡೊಂದನ್ನೂ ಇಟ್ಟುಕೊಂಡು, ಮೈಕಿನ ಕೆಲಸವಿಲ್ಲದ ದಿನಗಳಲ್ಲಿ ಅವನು ಒಬ್ಬನೇ ಕುಳಿತು ಒಂದು ಬಗೆಯ ಸಂಗೀತವನ್ನು ಕಟ್ಟುತ್ತಿದ್ದ. ಪಶ್ಚಿಮದ ಚಳಿದೇಶಗಳಿಂದ ಬಂದ ಆ ಕತ್ತಲೆಯ ಸಂಗೀತವನ್ನು ಬ್ಲ್ಯಾಕ್ ಮೆಟಲ್ ಎನ್ನುತ್ತಾರೆ. ಗಿಟಾರು ಅವನದು, ಕೀಬೋರ್ಡು ಅವನದು, ಕಂಪ್ಯೂಟರಿನಲ್ಲಿ ಜೋಡಿಸಿದ ಡೋಲಿನ ಪೆಟ್ಟು ಅವನದು, ಗಂಟಲೂ ಅವನದೇ. ಮೇಳವೆಂಬುದು ಇರಲಿಲ್ಲ.

ನಮಗೆ ಮಕ್ಕಳಿಲ್ಲ. ನನ್ನ ತಂಗಿ ಶ್ರಾವಣದ ಒಂದು ಮಧ್ಯಾಹ್ನ ಜ್ವರದಲ್ಲಿ ತೀರಿಕೊಂಡಾಗ ಅವನು ಇನ್ನೂ ಕನ್ನಡ ಶಾಲೆಗೆ ಹೋಗುತ್ತಿದ್ದ ಹುಡುಗ. ಅವನ ತಂದೆ ಅದಕ್ಕಿಂತ ಮೊದಲೇ ಮನೆ ಬಿಟ್ಟುಹೋಗಿದ್ದರು. ಅಂದಿನಿಂದ ಆಳಂದದ ನಮ್ಮ ಮನೆಯಲ್ಲಿ ಬೆಳೆದ. ನನ್ನಿಂದ ಹಾರ್ಮೋನಿಯಂ ಕಲಿತ. ಸ್ವರಜ್ಞಾನ ಎಷ್ಟು ಚೊಕ್ಕಟವಾಗಿತ್ತೆಂದರೆ, ಹಾರ್ಮೋನಿಯಂನ ಒಂದು ಮನೆ ಕೊಂಚ ಇಳಿದಿದ್ದರೂ ಹಲ್ಲುನೋವು ಬಂದವನಂತೆ ಮುಖ ಮಾಡುತ್ತಿದ್ದ. ಇವನು ಮುಂದೆ ನನ್ನ ಪುರಾಣಕ್ಕೆ ಗವಾಯಿಯಾಗಿ ಕೂರುವನೆಂದು ಆಸೆಪಟ್ಟಿದ್ದೆ. ಕೂತ ಕೂಡ, ಕೆಲವು ವರ್ಷ. ನಂತರ ಪೀಠದಿಂದ ಇಳಿದು ಮೈಕಿನ ಪೆಟ್ಟಿಗೆಯ ಹಿಂದೆ ಹೋಗಿ ಕುಳಿತುಕೊಂಡ. ಯಾಕೆಂದು ಕೇಳಿದರೆ, ‘ಇಲ್ಲಿಂದ ಚಲೋ ಕೇಳಿಸ್ತದ ಮಾಮಾ’ ಎಂದಷ್ಟೇ ಹೇಳುತ್ತಿದ್ದ.

ಅವನು ಏನು ಮಾಡುತ್ತಿದ್ದಾನೆಂಬುದು ನನಗೆ ತಿಳಿದುದು ಒಂದು ಪಾರ್ಸಲಿನಿಂದ. ಯಾವುದೋ ಚಳಿಯ ದೇಶದಿಂದ ಆಳಂದದ ನಮ್ಮ ಮನೆಯ ವಿಳಾಸಕ್ಕೆ ಬಂತು. ಬಿಚ್ಚಿದರೆ ಒಳಗೆ ಕ್ಯಾಸೆಟ್‌ಗಳು. ಲೋಕವೆಲ್ಲ ಬಿಟ್ಟ ಕ್ಯಾಸೆಟ್ಟನ್ನು ಈ ಸಂಗೀತದವರು ಮಾತ್ರ ಬಿಟ್ಟಿಲ್ಲವಂತೆ. ಮುಖಪುಟದಲ್ಲಿ ಮಸುಕಾದ ಕಪ್ಪುಬಿಳುಪು ಚಿತ್ರವಿತ್ತು. ಬತ್ತಿದ ಭೀಮಾನದಿಯ ಮರಳು, ಅದರಾಚೆ ಕಡಿದ ತೊಗರಿಕಟ್ಟಿಗೆಯ ಒಟ್ಟಿಲು.

ಅವನು ಮನೆಗೆ ಬಂದ ದಿನ ನನ್ನ ಹೆಂಡತಿ ಒಂದು ಕ್ಯಾಸೆಟ್ಟನ್ನು ಕೈಯಲ್ಲಿ ತಿರುಗಿಸಿ ನೋಡಿದಳು. “ಇದು ನಿನ್ನ ಹಾಡಾ ಯಪ್ಪಾ? ನಮ್ಮ ಫೋಟೋಕ್ಕಿಂತ ಕಟ್ಟಿಗಿ ಫೋಟೋ ಚಂದ ಕಂಡ್ತೇನು ನಿನಗ?”

“ಅತ್ತಿ, ಈ ಕ್ಯಾಸೆಟ್ ತಗದವರು ನನ್ನ ಫೋಟೋನೇ ಕೇಳಿದ್ರು. ಮಾರಿಗಿ ಬಿಳಿ, ಕಣ್ಣಿನ ಸುತ್ತ ಕಪ್ಪು ಬಳಕೊಂಡು ತಗಸ್ಕೋ ಅಂದ್ರು. ನಮ್ಮ ಮನ್ಯಾಗ ಮುಂಜಾನೆದ್ದು ಎಲ್ಲಾರೂ ಬೂದಿ ಬಳಕೋತಾರ, ಅದಕ್ಯಾರೂ ಫೋಟೋ ತಗಿಯೂದಿಲ್ಲ ಅಂತ ಬರದೆ.”

ವಿಭೂತಿಯನ್ನು ಬೂದಿಯೆಂದದ್ದಕ್ಕೆ ನಾನು ಗದರಿಸಬೇಕಿತ್ತು. ಆದರೆ ಅವಳು ನಗುತ್ತಿದ್ದಳು.

ಮನೆಯಲ್ಲಿ ಕ್ಯಾಸೆಟ್ ಕೇಳುವ ಯಂತ್ರವಿರಲಿಲ್ಲ. ಅಫಜಲಪುರದಲ್ಲಿ ಅವನ ಅಂಗಡಿಯ ಪಕ್ಕ ಆಂಪ್ಲಿಫೈಯರ್, ಸ್ಪೀಕರ್ ರಿಪೇರಿ ಮಾಡುವ ಸಾಹೇಬರೊಬ್ಬರಿದ್ದರು. ನನ್ನ ವಯಸ್ಸಿನವರು, ಅವನಿಗೆ ಚಾಚಾ. ಅವರಲ್ಲಿ ಒಂದು ಹಳೆಯ ಡೆಕ್ ಇತ್ತು. ಒಂದು ಕ್ಯಾಸೆಟ್ಟನ್ನು ಅವರಿಗೆ ಕೊಟ್ಟು, ಹಾಕಿ ನೋಡ್ರಿ ಎಂದು ಹೇಳಿ ಇವನು ಒಂದು ಮದುವೆಯ ಕೆಲಸಕ್ಕೆ ಹೋದನಂತೆ. ಅದೇ ಸಂಜೆ ನಾನು ಗಾಣಗಾಪುರಕ್ಕೆ ದತ್ತನ ದರ್ಶನಕ್ಕೆಂದು ಹೋದವನು ಹಿಂದಿರುಗುವಾಗ ಅಂಗಡಿಗೆ ಹೋದರೆ, ಸಾಹೇಬರು ಸ್ಪೀಕರಿನ ಹೊಟ್ಟೆಯನ್ನೆಲ್ಲ ಬಿಚ್ಚಿ ನೆಲದ ಮೇಲೆ ಹರವಿಕೊಂಡು ಬೆವರುತ್ತ ಕುಳಿತಿದ್ದರು.

“ಶಾಸ್ತ್ರಿಗಳ್ರಿ, ಬರ್ರಿ, ಕುಂದರ್ರಿ. ನಿಮ್ಮ ಅಳಿಯನ ಕ್ಯಾಸೆಟ್ ಹಾಕೀನಿ, ಬರೇ ಜುರ್‍ರ್ ಅಂತದ. ಕೋನ್ ಹರದದ ಅಂತ ಬದಲಿ ಮಾಡಿದೆ. ಮತ್ತ ಜುರ್‍ರ್. ಕಾಯಿಲ್ ಸುಟ್ಟದ ಅಂತ ಬಿಚ್ಚಿದೆ, ಕಾಯಿಲ್ ಚಲೋ ಅದ. ಡೆಕ್ಕಿನ ಹೆಡ್ ಸ್ಪಿರಿಟ್ ಹಚ್ಚಿ ಒರಸಿದೆ. ಈಗ ಇನ್ನೂ ಸಾಫ್ ಆಗಿ ಜುರ್‍ರ್ ಅಂತದ!”

ಅಷ್ಟರಲ್ಲಿ ಇವನು ಬಂದ. ಹರಡಿದ ಸಾಮಾನನ್ನೂ ಸಾಹೇಬರ ಮುಖವನ್ನೂ ನೋಡಿ ಬಾಗಿಲಿಗೆ ಒರಗಿ ನಿಂತು ನಕ್ಕ ನಗು ಇಂದಿಗೂ ನನ್ನ ಕಣ್ಣಮುಂದಿದೆ. ಅವನು ಹಾಗೆ ನಕ್ಕದ್ದನ್ನು ನಾನು ಹೆಚ್ಚು ಕಂಡವನಲ್ಲ. “ಚಾಚಾ, ಸ್ಪೀಕರ್ ಹರದಿಲ್ರಿ. ಹಾಡೇ ಹಂಗದ.”

“ಹಾಡೇ ಹಂಗದ? ಯಾ ಅಲ್ಲಾ! ಮೂವತ್ತು ವರ್ಷ ಈ ಸದ್ದು ಹೋಗಸ್ಲಿಕ್ಕೆ ಮಂದಿ ನನಗ ರೊಕ್ಕ ಕೊಟ್ಟಾರ. ನೀ ಇದನ್ನೇ ಬೇಕಂತ ಮಾಡ್ತಿಯೇನಲೇ ಬೇಟಾ?”

ಸಾಹೇಬರು ಸ್ಪೀಕರನ್ನು ಮತ್ತೆ ಜೋಡಿಸಿದರು. ಚಹಾ ತರಿಸಿದರು. ನಾವು ಮೂವರೂ ಕುಳಿತು ಕೇಳಿದೆವು. ಗಿಟಾರಿನ ಸದ್ದು ಎಳೆಗಳು ಕಾಣದ ಕರಿಯ ಕಂಬಳಿಯಂತೆ ಹಾಸಿಕೊಂಡಿತ್ತು. ಅದರ ಅಡಿಯಲ್ಲಿ, ಬಹಳ ದೂರದಲ್ಲಿ, ಒಬ್ಬ ಮನುಷ್ಯ ಕೂಗುತ್ತಿದ್ದ. ಕೂಗಿನಲ್ಲಿ ಮಾತಿರುವುದು ತಿಳಿಯುತ್ತಿತ್ತು, ಯಾವ ಮಾತೆಂದು ತಿಳಿಯುತ್ತಿರಲಿಲ್ಲ. ನನ್ನ ಕೈಗಳು ತಾವಾಗಿಯೇ ಎದೆಯ ಲಿಂಗದ ಮೇಲೆ ಹೋದವು. ಆಮೇಲೆ ಆ ಕಂಬಳಿ ಸರಿದು ಬರಿಯ ಕೀಬೋರ್ಡು ಬಂತು. ನಿಧಾನವಾದ, ಮಂಕಾದ ಸ್ವರಗಳು, ಒಂದರ ನೆರಳಿನಲ್ಲಿ ಇನ್ನೊಂದು. ಇದಕ್ಕೆ ಡಂಜನ್ ಸಿಂಥ್ ಎಂಬ ಬೇರೆಯೇ ಹೆಸರಿದೆ ಎಂದು ಅವನು ಹೇಳಿದ. “ನೆಲಮಾಳಿಗಿ ಸಂಗೀತ ಅನ್ರಿ ಮಾಮಾ. ಹಾಳು ಕ್ವಾಟ್ಯಾಗ ಒಬ್ಬನೇ ಕುಂತು ಬಾರಿಸಿದಂಗ.” ಆ ಸ್ವರಗಳಲ್ಲಿ ನಾನು ಕಲಿಸಿದ ಭೈರವಿಯ ಅಸ್ಥಿಪಂಜರವಿತ್ತು.

ಅದಾದ ಮೇಲೆ ಅವನು ನನ್ನ ಬಳಿ ಪದಗಳನ್ನು ಕೇಳಲು ಬರತೊಡಗಿದ. ಅವನ ಕೂಗಿನಲ್ಲಿ ಕನ್ನಡವಿತ್ತು, ಅದೂ ಹಳಗನ್ನಡ ಬೇಕಾಗಿತ್ತು. ಕಾರಿರುಳು, ಕುಳಿರ್ಗಾಳಿ, ಪಾಳೂರು: ಇಂಥ ಮಾತುಗಳನ್ನು ನಾನು ಆರಿಸಿ ಕೊಡುತ್ತಿದ್ದೆ. ಅವನು ಬರೆದ ಸಾಲುಗಳ ಮಾತ್ರೆ ಎಣಿಸಿ ತಿದ್ದುತ್ತಿದ್ದೆ. ಯಾರಿಗೂ ಕೇಳಿಸದ ಸಾಲಿಗೆ ಛಂದಸ್ಸು ಏಕೆ ಎಂದು ನಾನೊಮ್ಮೆ ಕೇಳಿದಾಗ, “ಗುಡಿ ತಳಪಾಯದ ಕಲ್ಲೂ ಯಾರಿಗೂ ಕಾಣೂದಿಲ್ಲಲ್ರಿ, ಅದನ್ನ ಸೊಟ್ಟ ಇಡ್ತಾರೇನು?” ಎಂದ. ಆ ಉತ್ತರ ನನಗೆ ಹಿಡಿಸಿತು. ಅವನ ಆ ಏಕಾಂಗಿ ಮೇಳಕ್ಕೆ ಅವನು ಇಟ್ಟುಕೊಂಡ ಹೆಸರೂ ನಾನೇ ಕೊಟ್ಟ ಒಂದು ಹಳೆಯ ಮಾತು. ಆ ಹೆಸರಿನಲ್ಲಿ ಅವನನ್ನು ಬಲ್ಲವರು ದೂರದೂರದ ದೇಶಗಳಲ್ಲಿದ್ದಾರೆ. ಆಳಂದದಲ್ಲಿ ಒಬ್ಬರೂ ಇಲ್ಲ.

ನಮ್ಮಿಬ್ಬರ ನಡುವೆ ಒಂದೇ ವಿಷಯಕ್ಕೆ ಜಗಳ. ಕಾವ್ಯವಿರಲಿ, ಪುರಾಣವಿರಲಿ, ಕೊನೆಗೊಂದು ಮಂಗಲ ಬೇಕೆಂಬುದು ನನ್ನ ಮಾತು. ಅವನ ಯಾವ ಕ್ಯಾಸೆಟ್ಟಿಗೂ ಮಂಗಲವಿರಲಿಲ್ಲ. ಎಲ್ಲವೂ ಕತ್ತಲೆಯಲ್ಲಿಯೇ ಮುಗಿಯುತ್ತಿದ್ದವು. ಕಡೆಯಲ್ಲಿ ಒಂದಾದರೂ ಬೆಳಕಿನ ಪದ್ಯ ಸೇರಿಸೆಂದು ನಾನು ಬರೆದೂ ಕೊಟ್ಟೆ. ಅವನು ಅದನ್ನು ಕಣ್ಣಿಗೊತ್ತಿಕೊಂಡು ಜೇಬಿನಲ್ಲಿಟ್ಟುಕೊಂಡ, ಬಳಸಲಿಲ್ಲ. ಪ್ರತಿ ಸಲವೂ ಹೀಗೆಯೇ ಆಗುತ್ತಿತ್ತು. ಒಮ್ಮೆ ನಾನು ತಾಳ್ಮೆಗೆಟ್ಟು, “ನಿನ್ನ ಹಾಡು ಕೇಳಿದವರು ಮನೆಗೆ ಏನು ಒಯ್ಯಬೇಕೋ?” ಎಂದೆ. ಆಗ ಅವನು ಕೆಳಗೆ ನೋಡುತ್ತಲೇ ಹೇಳಿದ ಮಾತುಗಳನ್ನು ಅವನ ದನಿಯಲ್ಲಿಯೇ ಬರೆಯುತ್ತೇನೆ.

“ಮಾಮಾ, ನಮ್ಮವ್ವನ್ನ ಮಣ್ಣು ಮಾಡಿ ಬಂದ ಮ್ಯಾಲ ನೀವು ನನ್ನ ಕರಕೊಂಡು ಜೇವರ್ಗಿ ಕಡಿ ಆ ಹಳ್ಳಿಗಿ ಹ್ವಾದ್ರಿ. ಹಿಡಿದ ಪುರಾಣ ನಡುವ ಬಿಡಬಾರದಂತ. ಅವತ್ತು ಹೊಳ್ಯಾಗ ಕೂಸು ಕಳಕೊಂಡ ತಾಯಿ ಕಥಿ ಇತ್ತು. ಮಂದಿ ಎಲ್ಲಾ ಅಳಾಕತ್ತಿದ್ರು. ನೀವು ನಿಲ್ಲಲಿಲ್ಲ, ಮುಂದ ಓದಿದ್ರಿ. ದೇವರು ಬಂದ, ಕೂಸು ಕೊಟ್ಟ, ಮಂದಿ ಕೈಮುಗದ್ರು. ನಾ ಬಾಗಿಲಾ ನೋಡ್ಕೋತ ಕುಂತೆ. ಅಲ್ಲಿ ಕೂಸು ತಿರುಗಿ ಬಂತಂದ್ರ ಇಲ್ಲಿ ಅವ್ವನೂ ಬರ್ತಾಳ ಅಂತ. ಮಂದಿ ಎದ್ದು ಹ್ವಾದ್ರು. ನೀವು ಗ್ರಂಥಕ್ಕ ವಸ್ತ್ರ ಕಟ್ಟಿದ್ರಿ. ಯಾರೂ ಬರ್ಲಿಲ್ಲ.” ಆಮೇಲೆ ಸೇರಿಸಿದ: “ನೀವು ಎಲ್ಲಿ ನಿಲ್ಲೂದಿಲ್ಲೋ ನಾ ಅಲ್ಲೇ ನಿಂತೇನಿ. ಅಷ್ಟೇ ನನ್ನ ಸಂಗೀತ.”

ಅಂದಿನಿಂದ ನಾನು ಮಂಗಲಪದ್ಯ ಬರೆದುಕೊಡುವುದನ್ನು ಬಿಟ್ಟೆ.

ವರ್ಷಗಳು ಹೀಗೆ ಹೋದವು. ಪಾರ್ಸಲುಗಳು ಬಂದವು. ಒಮ್ಮೆ ಪುಣೆಯಲ್ಲಿ ಯಾರೋ ಕರೆದರೆಂದು ಕೀಬೋರ್ಡನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹಿರೋಳ್ಳಿ ದಾಟಿ ಸೋಲಾಪುರದ ಬಸ್ಸು ಹಿಡಿದು ಹೋಗಿ ನುಡಿಸಿಬಂದ. ಎಷ್ಟು ಜನ ಬಂದಿದ್ದರೆಂದು ನನ್ನ ಹೆಂಡತಿ ಕೇಳಿದಳು. “ಪುರಾಣದ ಮೊದಲನೇ ದಿನ ಮಳಿ ಬಂದ್ರ ಎಷ್ಟು ಮಂದಿ ಇರ್ತಾರ ಅತ್ತಿ? ಅದ್ರಾಗ ಅರ್ಧ.” ಮತ್ತೆ ಹೋಗಲಿಲ್ಲ. ಕ್ಯಾಸೆಟ್ ತೆಗೆಯುತ್ತಿದ್ದವನು ಆ ಕೆಲಸ ಬಿಟ್ಟ, ಇನ್ನೊಬ್ಬ ಸಿಕ್ಕ, ಅವನೂ ಪತ್ರಕ್ಕೆ ಉತ್ತರ ಬರೆಯುವುದನ್ನು ನಿಲ್ಲಿಸಿದ. ಇವನು ಮಾತ್ರ ಗೋಣಿಚೀಲದ ಕೋಣೆಯಲ್ಲಿ ಕೂಗುತ್ತಲೇ ಇದ್ದ. ಗಂಟಲು ಒಡೆದು, ಮಾತಾಡುವ ದನಿಯೂ ಮಣ್ಣು ತುಂಬಿದ ಕೊಳವೆಯಿಂದ ಬಂದಂತೆ ಬರುತ್ತಿತ್ತು. ಮದುವೆ ಮಾಡಿಕೊಳ್ಳಲಿಲ್ಲ. ಕೇಳಿದವರಿಗೆ, ನನ್ನ ಮನ್ಯಾಗ ಭಾಳ ಸಪ್ಪಳ ಎನ್ನುತ್ತಿದ್ದ.

ಆಮೇಲೆ ಕಿವಿಯಲ್ಲಿ ಮೊರೆತ ಶುರುವಾಯಿತು. ದಿನವೆಲ್ಲ ಹಾರ್ನಿನ ಬುಡದಲ್ಲಿ ನಿಂತು ಮಾಡುವ ಕೆಲಸ, ಮನೆಗೆ ಬಂದರೆ ಈ ಸಂಗೀತ. ಮೊದಲು ಅವನು ಹೇಳಲಿಲ್ಲ. ಸಾಹೇಬರೇ ಗುರುತಿಸಿದರು. ಒಂದು ಪುರಾಣದಲ್ಲಿ ನನ್ನ ಮೈಕು ಸೀಟಿ ಹೊಡೆಯುತ್ತಿದ್ದರೂ ಅವನು ತಿರುಗಿ ನೋಡದೆ ಕುಳಿತಿದ್ದನಂತೆ. ಇಳಿದ ಒಂದು ಸ್ವರಕ್ಕೆ ಮುಖ ಕಿವುಚುತ್ತಿದ್ದವನು! ಕಲಬುರಗಿಯ ವೈದ್ಯರು ನರಗಳೇ ಒಣಗುತ್ತಿವೆ, ಉಳಿದದ್ದೂ ಹೋಗುತ್ತದೆ, ಯಂತ್ರ ಹಾಕಿದರೆ ಮಾತು ತುಸು ತಿಳಿದೀತು, ಸಂಗೀತವಂತೂ ತಗಡು ಬಡಿದಂತೆ ಕೇಳಿಸೀತು ಎಂದರು. ಹಿಂದಿರುಗುವ ಬಸ್ಸಿನಲ್ಲಿ ಕಿಟಕಿಯ ಹೊರಗೆ ಹೂಬಿಟ್ಟ ತೊಗರಿ ಹಳದಿಯಾಗಿ ಹರಡಿತ್ತು. ಅವನು ಅದನ್ನು ನೋಡುತ್ತ, “ಇನ್ನೊಂದೇ ಮಾಡ್ತೇನಿ ಮಾಮಾ. ಅವ್ವನ್ನ ಕುರಿತು. ಅದರಾಗ ನಿಮ್ಮ ದನಿ ಬೇಕು” ಎಂದ.

ಅವನು ಕೇಳಿದ್ದು ಇಷ್ಟು. ಅದೇ ಹಳ್ಳಿಯ ಅದೇ ಗುಡಿಯಲ್ಲಿ, ಅದೇ ಗ್ರಂಥದಿಂದ, ಕೂಸನ್ನು ಕಳೆದುಕೊಂಡ ತಾಯಿಯ ಸಂಧಿಯನ್ನು ನಾನು ಓದಬೇಕು. ಅವಳು ಹೊಳೆಯ ದಂಡೆಗುಂಟ ಹುಡುಕುತ್ತ ನಡೆದು, ನೀರಿಗೆ ಬೆನ್ನು ಮಾಡಿ ಕುಳಿತುಬಿಡುವ ಪದ್ಯದಲ್ಲಿ ನಿಲ್ಲಿಸಬೇಕು. ಮುಂದೆ ಓದಬಾರದು. ಅಲ್ಲಿಯಷ್ಟೇ ಅಲ್ಲ, ಮನೆಯಲ್ಲಿಯೂ ಓದಬಾರದು. ಅವನ ಕೆಲಸ ಮುಗಿಯುವವರೆಗೆ ಗ್ರಂಥ ಆ ಪದ್ಯದಲ್ಲಿಯೇ ಇರಬೇಕು. “ನೀವು ಆಮ್ಯಾಲ ಗುಟ್ಟಾಗಿ ದಾಟಿಬಿಟ್ರ ಅದು ಸುಳ್ಳಾಗ್ತದ್ರಿ” ಎಂದ. ಅವನು ನನ್ನನ್ನು ಬಲ್ಲವನು.

ಹಲವು ದಿನ ಪೂಜೆಯಲ್ಲಿ ಮನಸ್ಸು ನಿಲ್ಲಲಿಲ್ಲ. ನಿಯಮ ಗುರುದತ್ತವಾದದ್ದು. ಆದರೆ ನನ್ನೆದುರು ಕುಳಿತಿದ್ದ ಸಾವಿರಾರು ಜನರನ್ನು ಶುಭಕ್ಕೆ ದಾಟಿಸಿದ ನಾನು ನನ್ನ ಮನೆಯ ಒಬ್ಬನನ್ನು ದಾಟಿಸಲಾರದೆ ಹೋಗಿದ್ದೆ. ಅವನು ಅಂದಿನಿಂದ ಆ ದಂಡೆಯ ಮೇಲೆಯೇ ಇದ್ದಾನೆ. ದೂರದಿಂದ ಕೂಗಿ ಕರೆಯುವುದಕ್ಕಿಂತ ಒಮ್ಮೆ ಅಲ್ಲಿಗೆ ಹೋಗಿ ಅವನ ಪಕ್ಕದಲ್ಲಿ ಕೂರುವುದು ಧರ್ಮವಲ್ಲವೇ? ನನ್ನ ಹೆಂಡತಿಯ ಮುಂದೆ ಇದನ್ನು ಹೇಳಿದೆ. ಅವಳು ಜೋಳದ ಹಿಟ್ಟು ನಾದುತ್ತ, “ಇಷ್ಟು ವಿಚಾರ ಯಾಕ ಮಾಡ್ತೀರಿ? ಹುಡುಗ ಕೇಳ್ಯಾನ, ಓದ್ರಿ” ಎಂದಳು.

ಬೇಸಿಗೆಯ ಮಧ್ಯಾಹ್ನ, ಊರವರೆಲ್ಲ ಮನೆಯೊಳಗಿದ್ದ ಹೊತ್ತು. ಸಾಹೇಬರು ಪೆಟ್ಟಿಗೆಗಳನ್ನು ಹೊತ್ತು ತಂದರು. ಹೊರಗಿನ ಕಟ್ಟೆಯ ಮೇಲೆ ಕುಳಿತು ಬರುವ ಆಡು ನಾಯಿಗಳನ್ನು ಓಡಿಸುವ ಕೆಲಸವನ್ನು ತಾವೇ ವಹಿಸಿಕೊಂಡರು. ಮರದ ವ್ಯಾಸಪೀಠದ ಮೇಲೆ ಗ್ರಂಥವನ್ನಿಟ್ಟು, ವಿಭೂತಿ ಹೂವು ಏರಿಸಿ, ನಾನು ಓದತೊಡಗಿದೆ. ಎದುರಿಗೆ ಅವನೊಬ್ಬನೇ. ಕಿವಿಗೆ ಹೆಡ್‌ಫೋನನ್ನು ಎರಡೂ ಕೈಗಳಿಂದ ಒತ್ತಿ ಹಿಡಿದು, ಉಳಿದಿದ್ದ ಅಲ್ಪಸ್ವಲ್ಪ ಶ್ರವಣವನ್ನೆಲ್ಲ ಅದರೊಳಗೆ ಸುರಿದು ಕುಳಿತಿದ್ದ.

ತಾಯಿ ನಡೆದಳು. ದಂಡೆಯ ಜೊಂಡನ್ನು ಸರಿಸಿ ನೋಡಿದಳು. ನೀರಿಗೆ ಬೆನ್ನು ಮಾಡಿ ಕುಳಿತಳು. ಪದ್ಯ ಮುಗಿಯಿತು. ನನ್ನ ನಾಲಿಗೆ ಮುಂದಿನ ಪದ್ಯದ ಮೊದಲಕ್ಷರಕ್ಕೆ ಆಗಲೇ ಏರಿತ್ತು. ಒಂದು ಜನ್ಮದ ಅಭ್ಯಾಸ. ಹಲ್ಲು ಕಚ್ಚಿ ಹಿಡಿದೆ. ನಿಂತೆ.

ಆ ಮೌನವನ್ನು ಅವನು ಯಂತ್ರದಲ್ಲಿ ಹಿಡಿಯುತ್ತಲೇ ಇದ್ದ. ಮಾಡಿನ ತೊಲೆಯ ಮೇಲೆ ಪಾರಿವಾಳವೊಂದು ಕಾಲು ಬದಲಿಸಿತು. ಹೊರಗೆ ಸಾಹೇಬರು ಕೆಮ್ಮನ್ನು ನುಂಗಿದರು. ನಾನು ಮೊದಲ ಬಾರಿಗೆ ಆ ತಾಯಿಯನ್ನು ಕಂಡೆ. ಇಷ್ಟು ವರ್ಷ ಓದಿದರೂ ಕಂಡಿರಲಿಲ್ಲ, ಅವಳನ್ನು ದಾಟಿಹೋಗುವ ಆತುರದಲ್ಲಿ. ಅವಳಿಗೆ ನನ್ನ ತಂಗಿಯ ಬೆನ್ನಿತ್ತು.

ಗ್ರಂಥವನ್ನು ಆ ಪುಟದಲ್ಲಿಯೇ ಗರಿಯಿಟ್ಟು ವಸ್ತ್ರದಲ್ಲಿ ಸುತ್ತಿ ಮನೆಗೆ ತಂದೆ. ಆ ಶ್ರಾವಣದಲ್ಲಿ ಕರೆಯಲು ಬಂದ ಊರುಗಳವರಿಗೆಲ್ಲ ಆರೋಗ್ಯ ಸರಿಯಿಲ್ಲವೆಂದೆ. ದುಃಖದಲ್ಲಿ ನಿಂತ ಗ್ರಂಥವನ್ನು ಬಿಟ್ಟು ಬೇರೊಂದನ್ನು ಮಂಗಲಕ್ಕೆ ಒಯ್ಯುವುದು ಹೇಗೆ? ಇನ್ನೇನು, ಅವನ ಕೆಲಸ ಮುಗಿದರೆ ನಾನೂ ಬಿಡುಗಡೆಯಾಗುತ್ತೇನೆಂದು ಕಾಯುತ್ತಿದ್ದೆ.

ಅವನ ಕಿವಿ ಕಾಯಲಿಲ್ಲ. ಗಿಟಾರುಗಳೆಲ್ಲ ಮುಗಿದಿದ್ದವು, ಕೂಗು ಮುಗಿದಿತ್ತು. ಎಲ್ಲವನ್ನೂ ಒಂದರ ಪಕ್ಕ ಒಂದಿಟ್ಟು ಹದವಾಗಿ ಬೆರೆಸುವ ಕೆಲಸವೊಂದೇ ಉಳಿದಿತ್ತು, ಅದೂ ಪೂರ್ತಿ ಕಿವಿಯದೇ ಕೆಲಸ. ಒಂದು ಮುಂಜಾನೆ ಎದ್ದಾಗ ಬಲಗಿವಿಯಲ್ಲಿ ಮೊರೆತದ ಹೊರತು ಏನೂ ಇರಲಿಲ್ಲ. ಎಡಗಿವಿ ಮಳೆಗಾಲ ಮುಗಿಯುವುದರೊಳಗೆ ಹೋಯಿತು. ಕಂಪ್ಯೂಟರಿನ ಪರದೆಯ ಮೇಲೆ ಸದ್ದು ಬೆಟ್ಟಸಾಲಿನಂತೆ ಕಾಣುತ್ತದೆ. ಅದನ್ನು ನೋಡಿಯೇ ಬೆರೆಸುತ್ತೇನೆಂದು ಕುಳಿತ. ಸಾಧ್ಯವಾಗಲಿಲ್ಲ. ಕೊನೆಗೆ ನಮ್ಮಿಬ್ಬರನ್ನು ಕರೆದ.

ನಾನೂ ಸಾಹೇಬರೂ ಆ ಗೋಣಿಚೀಲದ ಕೋಣೆಯಲ್ಲಿ ಒಂದೊಂದು ಹೆಡ್‌ಫೋನ್ ಏರಿಸಿಕೊಂಡು ಕುಳಿತೆವು. ನನ್ನ ದನಿ ಗಿಟಾರಿನಡಿ ಮುಳುಗಿದರೆ ಅಂಗೈಯನ್ನು ಕೆಳಗೆ ಮಾಡಬೇಕು, ತೇಲಿ ಬಂದರೆ ಮೇಲೆ ಮಾಡಬೇಕು. ಅವನು ನಮ್ಮ ಕೈಗಳನ್ನು ನೋಡುತ್ತ ಗುಂಡಿ ತಿರುಗಿಸುತ್ತಿದ್ದ. ಸಾಹೇಬರ ಕೈ ಕೆಳಗೆ ಹೋದರೆ ನನ್ನದು ಮೇಲಿರುತ್ತಿತ್ತು.

“ಶಾಸ್ತ್ರಿಗಳ್ರಿ, ನಿಮಗ ನಿಮ್ಮ ದನಿ ಎಲ್ಲಿದ್ರೂ ಕೇಳಸ್ತದ,” ಎಂದು ಸಾಹೇಬರು ರೇಗಿದರು. “ಅದು ಮುಳಗ್ಯಾದ್ರಿ.”

“ಮುಳುಗಿಲ್ಲ ಸಾಹೇಬರೇ. ಎರಡನೆಯ ಪಾದದ ಪ್ರಾಸ ಕೂಡ ಸ್ಪಷ್ಟವಾಗಿದೆ.”

“ಅರೆ, ನಿಮಗ ಬಾಯಿಪಾಠ ಬರ್ತದ, ಅದಕ್ಕ ಸ್ಪಷ್ಟ ಅದ!”

ಅವನು ನಮ್ಮಿಬ್ಬರ ತುಟಿಗಳನ್ನು ಬದಲಿಸಿ ಬದಲಿಸಿ ನೋಡುತ್ತಿದ್ದ. ಆಮೇಲೆ ತನ್ನ ಅಂಗೈಯನ್ನು ಸ್ಪೀಕರಿನ ಪೆಟ್ಟಿಗೆಯ ಮೇಲೆ ಚಪ್ಪಟೆಯಾಗಿಟ್ಟ. ಸ್ವಲ್ಪ ಹೊತ್ತು ಹಾಗೆಯೇ ಇಟ್ಟುಕೊಂಡಿದ್ದು, ಕೈ ತೆಗೆದು ಯಂತ್ರವನ್ನು ಆರಿಸಿದ. “ಸಾಕು ಚಾಚಾ. ಸಾಕ್ರಿ ಮಾಮಾ” ಎಂದ. ತನಗೇ ಕೇಳಿಸದ ಆ ದನಿ ಎತ್ತರ ತಗ್ಗುಗಳಿಲ್ಲದೆ ಬಂತು. ಗೋಡೆಯ ಗೋಣಿಚೀಲಗಳನ್ನು ಮರುವಾರ ಸಾಹೇಬರೇ ಬಿಚ್ಚಿದರು. ಹಾರ್ನುಗಳನ್ನೂ ಪೆಟ್ಟಿಗೆಗಳನ್ನೂ ಜೇವರ್ಗಿಯವನೊಬ್ಬ ಒಯ್ದ. ಅವನು ಆಳಂದಕ್ಕೆ, ನಮ್ಮ ಮನೆಗೆ ಬಂದ.

ಬೇರೆ ಯಾರಿಗಾದರೂ ಕೊಟ್ಟು ಬೆರೆಸಿಸಬಾರದೇ ಎಂದು ಹಲಗೆಯ ಮೇಲೆ ಬರೆದು ಕೇಳಿದೆ. ಬೇಡವೆಂದು ತಲೆಯಾಡಿಸಿದ. “ಒಬ್ಬನೇ ಶುರು ಮಾಡಿದ್ದೆ” ಎಂದ.

ಹೋದ ಶ್ರಾವಣದ ಒಂದು ಸೋಮವಾರ. ಪೂಜೆ ಮುಗಿಸಿ ಬಂದು ಕುಳಿತಿದ್ದೆ. ಅವನು ಗೋಡೆಯ ಗೂಡಿನಿಂದ ವಸ್ತ್ರದಲ್ಲಿ ಸುತ್ತಿದ ಗ್ರಂಥವನ್ನು ಇಳಿಸಿ ತಂದು, ವ್ಯಾಸಪೀಠವನ್ನು ಬಿಡಿಸಿ, ನನ್ನ ಮುಂದಿಟ್ಟ. “ಅದು ಇನ್ನ ಆಗೂದಿಲ್ರಿ ಮಾಮಾ. ನಿಮ್ಮನ್ನ ಕಟ್ಟಿಹಾಕಿ ಏನು ಮಾಡ್ಲಿ? ಓದ್ರಿ. ದಾಟ್ರಿ.” ಎದುರಿಗೆ ಬಂದು ಚಕ್ಕಳಮಕ್ಕಳ ಹಾಕಿ ಕುಳಿತು ನನ್ನ ತುಟಿಗಳ ಮೇಲೆ ಕಣ್ಣು ನೆಟ್ಟ. ಒಳಗೆ ನನ್ನ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು.

ಗರಿಯನ್ನು ತೆಗೆದೆ. ತಾಯಿ ನೀರಿಗೆ ಬೆನ್ನು ಮಾಡಿ ಕುಳಿತ ಪದ್ಯವನ್ನು ಮತ್ತೊಮ್ಮೆ ಓದಿದೆ, ದಾಟುವ ಮೊದಲು ಹಾಗೆ ಹಿಂದಿನ ಪದ್ಯವನ್ನು ಹೇಳಬೇಕೆಂದು. ಅದು ಪೂರ್ಣ ಕಂಠದಿಂದ ಬಂತು. ಮುಂದಿನ ಪದ್ಯಕ್ಕೆ ಬಾಯಿ ತೆರೆದೆ. ದನಿ ಬರಲಿಲ್ಲ.

ಭಗವಂತ ಕೂಸನ್ನು ಕೊಟ್ಟನೆಂಬುದರಲ್ಲಿ ನನಗೆ ಅಂದೂ ಸಂದೇಹವಿರಲಿಲ್ಲ, ಇಂದೂ ಇಲ್ಲ. ಅಕ್ಷರಗಳು ಎದುರಿಗಿದ್ದವು, ಕಣ್ಣು ಮುಚ್ಚಿದರೂ ಬರುವಂಥವು. ನನ್ನ ತುಟಿಗಳು ಆಡಿದವು. ದೇವರು ಬಂದ, ಕೂಸನ್ನು ಎತ್ತಿ ತಂದ, ತಾಯಿಯ ಮಡಿಲಲ್ಲಿಟ್ಟ, ಎಲ್ಲವೂ ತುಟಿಯ ಮೇಲೆ ನಡೆಯಿತು. ಗಂಟಲಿನಿಂದ ಉಸಿರಷ್ಟೇ ಹೊರಟಿತು. ನೋಡುವವನಿಗೆ ಶೋಕದ ಪದ್ಯಕ್ಕೂ ವರದ ಪದ್ಯಕ್ಕೂ ತುಟಿ ಆಡುವುದು ಒಂದೇ ರೀತಿ. ಅವನು ನೋಡುತ್ತಲೇ ಇದ್ದ. ಸಂಧಿಯ ಕೊನೆಯಲ್ಲಿ ನಾನು ತಲೆಬಾಗಿದ್ದನ್ನು ಕಂಡು ತಾನೂ ಕೈಮುಗಿದ.

ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ನನ್ನ ಹೆಂಡತಿ ಹಿಟ್ಟಿನ ಕೈಯಲ್ಲಿಯೇ ಬಾಗಿಲಿಗೆ ಬಂದಳು. “ಯಾಕ್ರಿ? ಅಲ್ಲೇ ಯಾಕ ನಿಂತ್ರಿ? ಮುಂದ ಓದ್ರಲ್ಲ.”

ಅವನಿಗೆ ಅದು ಕೇಳಿಸಲಿಲ್ಲ. ಮುಗಿದ ಕೈಗಳನ್ನು ಎದೆಯ ಮೇಲಿಟ್ಟುಕೊಂಡೇ ನನ್ನ ಮುಖವನ್ನು ನೋಡುತ್ತ ಕೇಳಿದ: “ಕೂಸು ಬಂತೇನ್ರಿ ಮಾಮಾ?”

ಬಂತೆಂದು ತಲೆಯಾಡಿಸಿದೆ. ಅವಳು ಬಾಗಿಲಲ್ಲಿಯೇ ನಿಂತಿದ್ದಳು. ನಾನು ಗ್ರಂಥಕ್ಕೆ ವಸ್ತ್ರ ಕಟ್ಟತೊಡಗಿದೆ.